ಕಸುಬು ಬದಲಿಸುವ ಹಕ್ಕು

ರಾಮದುರ್ಗ ತಾಲೂಕಿನ ಸುರೇಬಾನ ನೇಕಾರರ ಊರು. ವಿದ್ಯುತ್ ಮಗ್ಗದ ಎದುರು ಕೈಮಗ್ಗ ಸೋತದ್ದನ್ನು ಕಂಡ ಊರು. ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಹೊಡೆದವರ ಮಕ್ಕಳು ಈಗ ಡಿಗ್ರಿ ಓದುತ್ತಾರೆ. ಓದಿಯೂ ಮಗ್ಗಕ್ಕೇ ಕೂತರೆ, ‘ಸಾಲಿ ಕಲ್ತು ಏನ ಮಾಡಿದಿ?’ ಎಂಬ ಮಾತು ತಪ್ಪಿದ್ದಲ್ಲ.

ಬದಲಾಗುವ ಉದ್ಯೋಗಗಳಿಗೆ ವಿದ್ಯಾರ್ಥಿಗಳನ್ನು ಅಣಿಗೊಳಿಸಬೇಕು ಎಂದು ಈಗ ಬಲ್ಲವರು ಹೇಳುತ್ತಾರೆ. ಒಪ್ಪೋಣ. ನೇಕಾರನಿಗೆ ಕಸುಬು ಕೈಕೊಟ್ಟಿತು. ದಲಿತನಿಗೋ, ಜಾತಿ ಕಟ್ಟಿದ ಕಸುಬು ಕೈಬಿಡಲೇ ಇಲ್ಲ. ಈ ಚರಿತ್ರೆ ಮರೆತು ಪಠ್ಯಕ್ರಮ ಬರೆದರೆ ಏನು ಬಂತು?

1856ರ ಜೂನ್‌ನಲ್ಲಿ ನಮ್ಮ ಪಕ್ಕದ ಧಾರವಾಡದಲ್ಲಿ ಮಹಾರ್ ಹುಡುಗನೊಬ್ಬ ಸರಕಾರಿ ಸಾಲಿಗೆ ಅರ್ಜಿ ಕೊಟ್ಟ. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರಿಗೆ ಸಾಲಿ ಇಲ್ಲದಂತಾಗುತ್ತದೆ ಎಂದು ಮುಂಬಯಿ ಸರಕಾರ ಅವನನ್ನು ಹೊರಗಿಟ್ಟಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರಕಾರಿ ಸಾಲಿ ಎಲ್ಲರದೂ ಎಂದು ಬರೆದರು. ಕಾಗದ ಬಂತು, ಬಾಗಿಲು ಬಹುಕಾಲ ತೆರೆಯಲಿಲ್ಲ. ಅಕ್ಷರದ ಜೊತೆಗೆ ಅಲ್ಲಿ ಮುಚ್ಚಿದ್ದು ಬೇರೆ ಕೆಲಸದ ದಾರಿ.

ಉದ್ಯಮ ಬದಲಾದಂತೆ ಮನುಷ್ಯನೂ ಕೆಲಸ ಬದಲಿಸಲು ಸ್ವತಂತ್ರನಿರಬೇಕು, ಜಾತಿ ಅದಕ್ಕೆ ಬಿಡದ್ದರಿಂದಲೇ ನಿರುದ್ಯೋಗ ಹುಟ್ಟುತ್ತದೆ ಎಂದು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ತೋರಿಸಿದರು. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ದುಡಿಯುವವರಿಗೆಂದು ಬೆಳಗಿನ ತರಗತಿ ಇಟ್ಟರು.

1953ರಲ್ಲಿ ಮದ್ರಾಸಿನ ರಾಜಾಜಿ ಸರಕಾರ ಇದಕ್ಕೆ ತಿರುಗಿ ನಡೆಯಿತು. ಹಳ್ಳಿಯ ಮಕ್ಕಳಿಗೆ ಅರ್ಧ ಹೊತ್ತು ಸಾಲಿ, ಉಳಿದರ್ಧ ಅಪ್ಪನ ಕಸುಬು! ಪೆರಿಯಾರ್ ಮತ್ತಿತರರು ಸಿಡಿದೆದ್ದರು. 1954ರಲ್ಲಿ ಯೋಜನೆ ಬಿತ್ತು.

2021ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ತಂತು. ಒಂದೇ ವರ್ಷಕ್ಕೆ ಪ್ರಮಾಣಪತ್ರ ಹಿಡಿದು ಹೋಗಬಹುದು, ಮತ್ತೆ ಬರಬಹುದು ಎಂದಿತು. 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ನಮ್ಮ ಮಕ್ಕಳಿಗೆ ನಡುವೆ ಬಿಟ್ಟು ಹೋಗುವುದು ಹೊಸದೇ? ಸಾಲ, ಮದುವೆ, 2019ರ ಮಲಪ್ರಭೆಯ ನೆರೆ, ಒಂದಲ್ಲ ಒಂದು ನೆಪ ಸಾಕು. ಮರಳಿ ಬರುವವರ ಖರ್ಚು ಯಾರು ಹೊರುತ್ತಾರೆ? ಪ್ರಶ್ನೆ ಇರುವುದು ಇಲ್ಲಿ.

2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಇಂಥ ವಿಶ್ವವಿದ್ಯಾಲಯಗಳನ್ನು ನಾವು ಕೇಳಬೇಕಾದದ್ದು ಇಷ್ಟು: ಮೂವತ್ತು ದಾಟಿ ಬಂದವರಿಗೂ ಹಾಸ್ಟೆಲ್, ವಿದ್ಯಾರ್ಥಿವೇತನ, ಬೆಳಗಿನ-ಸಂಜೆಯ ತರಗತಿ. ಒಂದೇ ನೌಕರಿಗೆ ಸಾಲುವ ತರಬೇತಿಯಲ್ಲ. ಲೆಕ್ಕ, ಕಾಯ್ದೆ, ಯಂತ್ರ, ಇಂಗ್ಲಿಷು, ಜೊತೆಗೆ ಪ್ರಶ್ನೆ ಕೇಳುವ ಎದೆಗಾರಿಕೆ.

ಗೆಳೆಯರೇ, ಸುರೇಬಾನದ ಮಗಳು ನೇಯುವುದಾದರೆ ಇಷ್ಟಪಟ್ಟು ನೇಯಲಿ. ಬೇಡವಾದರೆ ಬಿಟ್ಟು ಬೇರೆ ಹಿಡಿಯಲಿ. ಕೌಶಲ್ಯದ ಹೆಸರಲ್ಲಿ ಅವಳನ್ನು ಹುಟ್ಟಿದ ಕಸುಬಿಗೇ ದೂಡುವುದು ಶಿಕ್ಷಣ ಅಲ್ಲ.