ಎರಡೂ ಪಾಳೆಯಗಳು ಕೇಳಿದ ಹಾಡು

ದ್ವಿತೀಯ ಮಹಾಯುದ್ಧ ಆರಂಭವಾಗಲು ಇನ್ನೂ ಒಂದು ತಿಂಗಳಿತ್ತು. 1939ರ ಆಗಸ್ಟ್ 2ರಂದು ಬರ್ಲಿನ್ನಿನಲ್ಲಿ ಲಾಲೆ ಆಂಡರ್ಸನ್ ಎಂಬ ಗಾಯಕಿ ಎಲೆಕ್ಟ್ರೋಲಾ ಕಂಪೆನಿಗಾಗಿ 'ಲಿಲಿ ಮಾರ್ಲೀನ್' ಎಂಬ ಹಾಡನ್ನು ಧ್ವನಿಮುದ್ರಿಸಿದರು. ಪಾಳೆಯದ ಬಾಗಿಲ ಬಳಿ, ದೀಪದ ಕಂಬದ ಕೆಳಗೆ ನಲ್ಲೆಯನ್ನು ಬೀಳ್ಕೊಟ್ಟ ಸೈನಿಕನೊಬ್ಬನ ನೆನಪೇ ಅದರ ವಸ್ತು. ಗ್ರಾಮಫೋನ್ ತಟ್ಟೆ ಮಾರಾಟವಾದದ್ದು ಅತ್ಯಲ್ಪ. ಅಲ್ಲಿಗೆ ಆ ಹಾಡಿನ ಕಥೆ ಮುಗಿಯಬೇಕಾಗಿತ್ತು.

ಹಾಡು ಬರೆದ ಹಾನ್ಸ್ ಲೈಪ್ ಮೊದಲ ಮಹಾಯುದ್ಧದಲ್ಲಿ ಸ್ವತಃ ಸೈನಿಕ, ಬರೆದದ್ದು 1915ರಲ್ಲಿ. ಅದಕ್ಕೆ 1938ರಲ್ಲಿ ರಾಗ ಹಾಕಿದವರು ನಾರ್ಬರ್ಟ್ ಶುಲ್ಟ್ಸೆ. ಮುಂದೆ ಇದೇ ಶುಲ್ಟ್ಸೆ ನಾಜಿ ಸರ್ಕಾರಕ್ಕಾಗಿ, ಇಂಗ್ಲೆಂಡಿನ ಮೇಲೆ ಬಾಂಬು ಸುರಿಸುವ ಹಾಡಿಗೂ ರಾಗ ಕೂಡಿಸಿದರು. ಅದನ್ನು ಇಂದು ಗುನುಗುವವರು ಯಾರೂ ಇದ್ದಂತಿಲ್ಲ.

1941ರಲ್ಲಿ ಜರ್ಮನರು ಬೆಲ್‌ಗ್ರೇಡ್ ನಗರವನ್ನು ಹಿಡಿದು, ಅಲ್ಲಿನ ಬಾನುಲಿ ಕೇಂದ್ರವನ್ನು ತಮ್ಮ ಸೈನಿಕರಿಗಾಗಿ ನಡೆಸತೊಡಗಿದರು. ಕೇಂದ್ರದಲ್ಲಿ ತಟ್ಟೆಗಳು ಕಡಿಮೆ. ವಿಯೆನ್ನಾದಿಂದ ತರಿಸಿದ ತಟ್ಟೆಗಳ ನಡುವೆ ಲಾಲೆಯವರದೂ ಇತ್ತು. ಹಾಡಿನ ಮೊದಲಲ್ಲೇ ರಾತ್ರಿಯ ಕಹಳೆಯ ದನಿ ಇರುವುದರಿಂದ ದಿನದ ಕಾರ್ಯಕ್ರಮ ಮುಗಿಸಲು ಅದು ಹೇಳಿ ಮಾಡಿಸಿದಂತಿತ್ತು. ಪ್ರತಿರಾತ್ರಿ ಹತ್ತು ಗಂಟೆಗೆ ಸ್ವಲ್ಪ ಮೊದಲು ಅದನ್ನು ಹಾಕುವುದು ರೂಢಿಯಾಯಿತು. ಪ್ರಬಲವಾದ ಆ ಪ್ರಸಾರ ಉತ್ತರ ಆಫ್ರಿಕದ ಮರಳುಗಾಡನ್ನೂ ಮುಟ್ಟುತ್ತಿತ್ತು. ಅಲ್ಲಿ ಜರ್ಮನರಿಗೆ ಎದುರಾಗಿ ನಿಂತಿದ್ದ ಬ್ರಿಟಿಷರ ಎಂಟನೆಯ ಸೇನೆಯೂ ಅದನ್ನು ಕೇಳತೊಡಗಿತು. ಭಾರತದ ನಾಲ್ಕನೆಯ ಡಿವಿಷನ್ ಕಾದಾಡಿದ್ದು ಇದೇ ಸೇನೆಯಲ್ಲಿ.

ಹಾಡಿನಲ್ಲಿ ಶತ್ರುವಿಲ್ಲ, ನಾಯಕನಿಲ್ಲ, ಜಯಘೋಷವಿಲ್ಲ. ಮನೆಗೆ ಮರಳುವ ಭರವಸೆಯೂ ಇಲ್ಲ. ಸೈನಿಕರಿಗೆ ಹಿಡಿಸಿದ್ದೂ, ಪ್ರಚಾರಮಂತ್ರಿ ಗೊಬೆಲ್ಸ್‌ಗೆ ಹಿಡಿಸದಿದ್ದುದೂ ಬಹುಶಃ ಇದೇ ಕಾರಣಕ್ಕೆ. ಆದರೆ ಸೈನಿಕರ ಪತ್ರಗಳು ರಾಶಿ ರಾಶಿಯಾಗಿ ಬರುತ್ತಿದ್ದಾಗ ಹಾಡನ್ನು ನಿಲ್ಲಿಸುವುದು ಸುಲಭವಾಗಿರಲಿಲ್ಲ. ಗಾಯಕಿಯನ್ನು ನಿಲ್ಲಿಸುವುದು ಸುಲಭವಾಗಿತ್ತು. ಸ್ವಿಟ್ಜರ್ಲೆಂಡಿನ ಯಹೂದಿ ಗೆಳೆಯರೊಂದಿಗೆ ಸಂಪರ್ಕವಿರಿಸಿಕೊಂಡಿದ್ದಾರೆಂದು 1942ರಲ್ಲಿ ಲಾಲೆಯವರಿಗೆ ವೇದಿಕೆ ಹತ್ತದಂತೆ ನಿಷೇಧ ಹೇರಲಾಯಿತು. ಹತಾಶೆಯಿಂದ ಅವರು ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದರು. 1943ರಲ್ಲಿ ಮತ್ತೆ ಹಾಡಲು ಅನುಮತಿ ಸಿಕ್ಕಿತು, ಒಂದು ಷರತ್ತಿನೊಡನೆ: 'ಲಿಲಿ ಮಾರ್ಲೀನ್' ಹಾಡಕೂಡದು. ಅಷ್ಟರಲ್ಲಿ ಹಾಡು ಗಡಿ ದಾಟಿ ಹೋಗಿತ್ತು. ಇಂಗ್ಲಿಷಿನಲ್ಲಿ ಆ್ಯನ್ ಶೆಲ್ಟನ್ ಅದನ್ನು ಹಾಡಿದರು. ಹಿಟ್ಲರನ ಜರ್ಮನಿಯನ್ನು ಧಿಕ್ಕರಿಸಿ ಅಮೆರಿಕದ ಪ್ರಜೆಯಾಗಿದ್ದ ಮಾರ್ಲೀನ್ ಡೀಟ್ರಿಷ್ ಕೂಡ ಹಾಡಿದರು.

ಯುದ್ಧಾನಂತರವೂ ಲಾಲೆ ಧ್ವನಿಮುದ್ರಣ ಬಿಡಲಿಲ್ಲ. ಗ್ರೀಸಿನ 'ನೆವರ್ ಆನ್ ಸಂಡೆ' ಚಿತ್ರಗೀತೆಯ ಜರ್ಮನ್ ರೂಪ 1960ರ ಹೊತ್ತಿಗೆ ಅವರಿಗೆ ಮತ್ತೆ ಹೆಸರು ತಂದಿತು. 1961ರಲ್ಲಿ, 55ರ ವಯಸ್ಸಿನಲ್ಲಿ, ಯೂರೋವಿಷನ್ ಗೀತಸ್ಪರ್ಧೆಯಲ್ಲಿ ಪಶ್ಚಿಮ ಜರ್ಮನಿಯ ಪರವಾಗಿ ಹಾಡಿದರು. ದೊರೆತದ್ದು ಹದಿಮೂರನೆಯ ಸ್ಥಾನ. 1972ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ ಅವರನ್ನು ಉತ್ತರ ಸಮುದ್ರದ ಲಾಂಗೆಓಗ್ ದ್ವೀಪದಲ್ಲಿ ಮಣ್ಣುಮಾಡಲಾಯಿತು. ಆ ದ್ವೀಪದಲ್ಲಿ ಈಗ ಅವರ ಕಂಚಿನ ಪ್ರತಿಮೆಯಿದೆ, ಪಕ್ಕದಲ್ಲೊಂದು ದೀಪದ ಕಂಬ.