ಇಪ್ಪತ್ತೊಂಬತ್ತು ಅಂಕಗಳ ಸಂಖ್ಯೆ ಮತ್ತು ವೀರಸೇನಾಚಾರ್ಯರ ಪರೀಕ್ಷೆ

ಜಿನಾಗಮಗಳಲ್ಲಿ ಗಣಿತವು ಕೇವಲ ಲೋಕವ್ಯವಹಾರದ ಸಾಧನವಲ್ಲ. ಜೀವಾದಿ ದ್ರವ್ಯಗಳ ಪ್ರಮಾಣವನ್ನು ಅರಿಯುವುದೂ ಜ್ಞಾನದ ಅಂಗವೆಂದು ನಮ್ಮ ಆಚಾರ್ಯರು ಭಾವಿಸಿದರು. ಆದುದರಿಂದಲೇ ಎರಡೂವರೆ ದ್ವೀಪಗಳ ಮನುಷ್ಯಕ್ಷೇತ್ರದಲ್ಲಿರುವ ಪರ್ಯಾಪ್ತ ಮನುಷ್ಯರೆಷ್ಟು ಎಂಬ ಪ್ರಶ್ನೆಯನ್ನೂ ಅವರು ವಿಚಾರಿಸಿದರು.

ಶ್ವೇತಾಂಬರ ಪರಂಪರೆಯ ಅನುಯೋಗದ್ವಾರ ಸೂತ್ರವು ಮನುಷ್ಯರ ಸಂಖ್ಯೆಗೆ 29 ಸ್ಥಾನಗಳಿವೆಯೆಂದೂ, ಅದು ಎರಡರ ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವೆಂದೂ, ಅದನ್ನು 96 ಬಾರಿ ಅರ್ಧಿಸಬಹುದೆಂದೂ ಹೇಳುತ್ತದೆ. ಎರಡನ್ನು ವರ್ಗಿಸುತ್ತ ಹೋದರೆ 4, 16, 256, 65536, ಐದನೆಯದು 4294967296, ಆರನೆಯದು 18446744073709551616. ಕೊನೆಯ ಎರಡನ್ನು ಗುಣಿಸಿದರೆ 79228162514264337593543950336. ಅಂಕಗಳು ಸರಿಯಾಗಿ 29. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಬಹುದೋ ಅದು ಅದರ ಅರ್ಧಚ್ಛೇದ. ಐದನೆಯ ವರ್ಗಕ್ಕೆ 32, ಆರನೆಯದಕ್ಕೆ 64, ಕೂಡಿದರೆ 96. ಗುಣಾಕಾರವನ್ನು ಸಂಕಲನಕ್ಕೆ ಇಳಿಸುವ ಈ ನಿಯಮವೇ ಇಂದಿನ ಲಾಗರಿದಮ್ಮಿನ ತತ್ತ್ವ. ಎರಡನ್ನು ಬಿಟ್ಟರೆ ಈ ಮಹಾಸಂಖ್ಯೆಗೆ ಬೇರೆ ಅವಿಭಾಜ್ಯ ಅಪವರ್ತನವಿಲ್ಲ; ಇದನ್ನು ನಿಶ್ಶೇಷವಾಗಿ ಭಾಗಿಸುವ ಪೂರ್ಣಸಂಖ್ಯೆಗಳು 97 ಮಾತ್ರ.

ಷಟ್ಖಂಡಾಗಮದ ಸೂತ್ರವಾದರೋ ನಿಶ್ಚಿತ ಸಂಖ್ಯೆಯನ್ನು ಹೇಳದೆ ಮಿತಿಗಳನ್ನು ಹೇಳುತ್ತದೆ. ಪರ್ಯಾಪ್ತ ಮನುಷ್ಯರ ಸಂಖ್ಯೆಯು ಎರಡರ ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ ಇರಬೇಕು; ಹಾಗೆಯೇ ಕೋಟಿಯನ್ನು ಮೂರು ಬಾರಿ ಇಟ್ಟು ಗುಣಿಸಿದ ರಾಶಿಗಿಂತ ಮೇಲೆ, ನಾಲ್ಕು ಬಾರಿ ಇಟ್ಟು ಗುಣಿಸಿದ ರಾಶಿಗಿಂತ ಕೆಳಗೆ ಇರಬೇಕು. ಮೊದಲ ಮಿತಿಗೆ ನಮ್ಮ ಸಂಖ್ಯೆ ಒಳಪಡುತ್ತದೆ. ಎರಡನೆಯದಕ್ಕೆ? ನಾಲ್ಕು ಕೋಟಿಗಳ ಗುಣಲಬ್ಧವೆಂದರೆ ಒಂದರ ಮುಂದೆ 28 ಸೊನ್ನೆ. ಅಲ್ಲಿಯೂ ಸ್ಥಾನಗಳು 29. ಆದರೆ ನಮ್ಮ ಸಂಖ್ಯೆ ಏಳರಿಂದ ಆರಂಭವಾಗುತ್ತದೆ. ಮಿತಿಗಿಂತ ಸುಮಾರು ಎಂಟು ಪಟ್ಟು ದೊಡ್ಡದು. ಸ್ಥಾನಗಳನ್ನಷ್ಟೇ ಎಣಿಸಿದವನಿಗೆ ಈ ಅಂತರ ಕಾಣದು.

ವೀರಸೇನಾಚಾರ್ಯರಿಗೆ ಅದು ಕಂಡಿತು. ಕ್ರಿ.ಶ. 816ರಲ್ಲಿ ಮುಗಿಯಿತೆಂದು ಡಾ. ಹೀರಾಲಾಲ್ ಜೈನರು ಗಣಿಸಿರುವ ಧವಲಾ ಟೀಕೆಯಲ್ಲಿ ಅವರು ಈ ಮತವನ್ನು ಎತ್ತಿಕೊಂಡು, ಮನುಷ್ಯಕ್ಷೇತ್ರದ ವಿಸ್ತೀರ್ಣವನ್ನು ಲೆಕ್ಕಹಾಕಿ, ಅಷ್ಟು ಮಂದಿ ಅಲ್ಲಿ ಹಿಡಿಸಲಾರರೆಂದು ತೋರಿಸಿ ಅದನ್ನು ಒಪ್ಪಲಿಲ್ಲ. ಆದರೂ ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಇದೇ ಸಂಖ್ಯೆಯನ್ನು, ಅಕ್ಷರಗಳಲ್ಲಿ ಅಂಕಗಳನ್ನಡಗಿಸಿದ ಒಂದು ಗಾಥೆಯಲ್ಲಿ ಉಳಿಸಿದರು. ಏಕಸ್ಥಾನದಿಂದ ಆರಂಭಿಸಿ ಓದಿದರೆ 29 ಅಂಕಗಳೂ ತಪ್ಪದೆ ದೊರೆಯುತ್ತವೆ.

ಎರಡು ಗ್ರಂಥಗಳನ್ನೂ ನಮ್ಮ ಸಮಾಜ ಪೂಜ್ಯಭಾವದಿಂದ ಕಾಪಾಡಿತು. ಧವಲಾ ಟೀಕೆಯ ಹಳಗನ್ನಡ ಲಿಪಿಯ ತಾಡವೋಲೆಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುದರಿಂದಲೇ 1939ರಿಂದ ಅದು ಮುದ್ರಣಗೊಂಡು ಹೊರಬರಲು ಸಾಧ್ಯವಾಯಿತು. ಓಲೆಯನ್ನು ಕಾಪಾಡಿದವರು ಭಿನ್ನಾಭಿಪ್ರಾಯವನ್ನು ಅಳಿಸಿಹಾಕಲಿಲ್ಲ ಎಂಬುದು ಗಮನಾರ್ಹ.

ಪರಂಪರೆಯಿಂದ ಬಂದ ಲೆಕ್ಕವನ್ನು ತಾಳೆನೋಡುವುದು ಅವಿನಯವಲ್ಲವೆಂಬುದಕ್ಕೆ ವೀರಸೇನರೇ ಪ್ರಮಾಣ. ಬಸದಿಯ ಭಂಡಾರದ ಲೆಕ್ಕವನ್ನಾಗಲಿ, ಮನೆತನದ ವಹಿಯನ್ನಾಗಲಿ ಹಿರಿಯರು ಬರೆದರೆಂಬ ಕಾರಣಕ್ಕೆ ಪರೀಕ್ಷಿಸದೆ ಬಿಡುವುದು ಅವರಿಗೆ ತೋರುವ ಗೌರವವಾಗದು. ಸತ್ಯವ್ರತವು ನಾಲಗೆಗೆ ಹೇಗೋ ಅಂಕಿಗೂ ಹಾಗೆಯೇ ಅನ್ವಯಿಸುತ್ತದೆ.