ಯಂತ್ರ ಹೊಸದು, ರೆಂಡರ್ ಹಳೆಯದೇ

ಬೆಂಗಳೂರಿನ ಎಸ್‌.ಪಿ. ರಸ್ತೆಯೆಲ್ಲ ಸುತ್ತಿ, ಹದಿನಾರು ಕೋರ್‌ಗಳ ಪ್ರೊಸೆಸರ್, 64 ಜಿಬಿ ರ‍್ಯಾಮ್, ಕೈಸುಡುವ ಬೆಲೆಯ ಗ್ರಾಫಿಕ್ಸ್ ಕಾರ್ಡ್ ತಂದು ಜೋಡಿಸಿದ ಮೇಲೂ ಆಫ್ಟರ್ ಎಫೆಕ್ಟ್ಸ್ ತೆವಳುತ್ತದೆ ಎಂಬ ದೂರು ವಿಡಿಯೊ ಕೆಲಸದವರ ನಡುವೆ ಆಗಾಗ ಕೇಳಿಬರುತ್ತದೆ. ಕೆಲವೊಮ್ಮೆ ಹಳೆಯ ಯಂತ್ರಕ್ಕಿಂತಲೂ ನಿಧಾನ. ಒಬ್ಬರು ರ‍್ಯಾಮ್ ಹೆಚ್ಚಿಸಿ ಎನ್ನುತ್ತಾರೆ, ಮತ್ತೊಬ್ಬರು ಡ್ರೈವರ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ವಿಂಡೋಸನ್ನೇ ಹೊಸದಾಗಿ ಹಾಕಿ ಎನ್ನುತ್ತಾರೆ. ಈ ಸಲಹೆಗಳೆಲ್ಲ ಒಂದಲ್ಲ ಒಂದು ಕಾಲಕ್ಕೆ ಸರಿಯಾಗಿಯೇ ಇದ್ದವು. ಆದರೆ ಚಿತ್ರಪದರಗಳನ್ನು ಒಂದರ ಮೇಲೊಂದು ಕೂಡಿಸುವ ಕಂಪೋಸಿಟಿಂಗ್ ತಂತ್ರಾಂಶದ ಮೂವತ್ತು ವರ್ಷಗಳಲ್ಲಿ ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಹಲವು ಸಲ ಬದಲಾಗಿದೆ. ಸಲಹೆಗಳು ಮಾತ್ರ ನಿಂತಲ್ಲೇ ನಿಂತಿವೆ.

1990ರ ದಶಕದ ಆರಂಭದಲ್ಲಿ ಯಾವ ಬಿಡಿಭಾಗ ಕೊಳ್ಳಬೇಕು ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಡಿಸ್ಕ್ರೀಟ್ ಲಾಜಿಕ್‌ನ ಫ್ಲೇಮ್ ಎಂಬ ಕಂಪೋಸಿಟಿಂಗ್ ತಂತ್ರಾಂಶ ಓಡುತ್ತಿದ್ದುದು ಸಿಲಿಕಾನ್ ಗ್ರಾಫಿಕ್ಸ್ ಕಂಪ್ಯೂಟರ್‌ಗಳ ಮೇಲೆ. ತಂತ್ರಾಂಶ ಕೊಂಡವರಿಗೆ ಯಂತ್ರವೂ ಗೊತ್ತುಪಡಿಸಿದ್ದೇ. 1993ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದ ಕೋಸಾ ಎಂಬ ಪುಟ್ಟ ಕಂಪನಿ ಮ್ಯಾಕಿಂಟೋಷ್‌ಗೆಂದು ಆಫ್ಟರ್ ಎಫೆಕ್ಟ್ಸ್ ಹೊರತಂದಿತು. ಅದು ಅದೇ ವರ್ಷ ಆಲ್ಡಸ್ ಕೈಸೇರಿತು, 1994ರಲ್ಲಿ ಆಲ್ಡಸ್ ಸಮೇತ ಅಡೋಬಿಯ ಪಾಲಾಯಿತು. ಕಂಪೋಸಿಟಿಂಗ್ ಮೇಜಿನ ಮೇಲಿನ ಕಂಪ್ಯೂಟರಿಗೆ ಬಂದ ಮೇಲೆ ಬಿಡಿಭಾಗಗಳ ಆಯ್ಕೆ ಬಳಸುವವರ ಹೆಗಲಿಗೆ ಬಿತ್ತು.

ಮೊದಲ ಅಡಚಣೆ ಮೆಮೊರಿ. ಫುಲ್ ಎಚ್‌ಡಿಯ ಒಂದು ಫ್ರೇಮಿನಲ್ಲಿ 1920×1080 ಪಿಕ್ಸೆಲ್‌ಗಳು, ಪ್ರತಿಯೊಂದಕ್ಕೂ ಆಲ್ಫಾ ಸೇರಿ ನಾಲ್ಕು ಚಾನೆಲ್. 8 ಬಿಟ್‌ನಲ್ಲಿ ಅದು ಸುಮಾರು 8.3 ಎಂಬಿ. 4ಕೆಗೆ ಹೋಗಿ 16 ಬಿಟ್ ಆಯ್ದರೆ ಒಂದು ಫ್ರೇಮ್ 66 ಎಂಬಿ. ಸೆಕೆಂಡಿಗೆ 25 ಫ್ರೇಮಿನಂತೆ ಹತ್ತು ಸೆಕೆಂಡಿನ ಪ್ರಿವ್ಯೂ 16 ಜಿಬಿ ದಾಟುತ್ತದೆ. ಕ್ಲಿಪ್ಪಿನ ಫೈಲು ಬರೀ 40 ಎಂಬಿ ಇದೆಯಲ್ಲ ಎಂದು ವಾದಿಸುವವರು ಮರೆಯುವುದು ಇದನ್ನೇ: ಕಂಪೋಸಿಟಿಂಗ್ ನಡೆಯುವುದು ಬಿಡಿಸಿಟ್ಟ ಫ್ರೇಮುಗಳ ಮೇಲೆ.

ಆಫ್ಟರ್ ಎಫೆಕ್ಟ್ಸ್‌ನ 2007ರ ಸಿಎಸ್3 ಆವೃತ್ತಿ ಹಲವು ಫ್ರೇಮುಗಳನ್ನು ಒಟ್ಟಿಗೆ ರೆಂಡರ್ ಮಾಡುವ ಆಯ್ಕೆ ಕೊಟ್ಟಿತು. ಅದರ ವಿಧಾನ ಒರಟು. ಒಂದೊಂದು ಕೋರಿಗೂ ತಂತ್ರಾಂಶದ ಒಂದೊಂದು ಪ್ರತಿ, ಪ್ರತಿಯೊಂದಕ್ಕೂ ಪ್ರತ್ಯೇಕ ಮೆಮೊರಿ. ಕೋರ್ ಹೆಚ್ಚಿಸಿಕೊಂಡು ರ‍್ಯಾಮ್ ಮೊದಲಿನಷ್ಟೇ ಇಟ್ಟುಕೊಂಡವರಿಗೆ ಕೆಲಸ ಇನ್ನಷ್ಟು ನಿಧಾನವಾಯಿತು. 2010ರಲ್ಲಿ ಸಿಎಸ್5 64 ಬಿಟ್‌ಗೆ ದಾಟಿ 4 ಜಿಬಿಯ ಗೋಡೆ ಒಡೆಯಿತು. 2012ರ ಸಿಎಸ್6 ರೆಂಡರಾದ ಫ್ರೇಮುಗಳನ್ನು ಡಿಸ್ಕಿನಲ್ಲಿ ಉಳಿಸಿ ಮತ್ತೆ ಬಳಸುವ ಕ್ರಮವನ್ನು ಗಟ್ಟಿಮಾಡಿತು. 2015ರಲ್ಲಿ ಆ ಹಳೆಯ ಬಹು-ಫ್ರೇಮ್ ಆಯ್ಕೆಯನ್ನೇ ಕಿತ್ತುಹಾಕಲಾಯಿತು. ಆಮೇಲೆಯೂ ಅದನ್ನು ಆನ್ ಮಾಡಿ ಎಂದು ಹೇಳಿಕೊಟ್ಟವರು ಬೇಕಾದಷ್ಟು.

ಅಲ್ಲಿಂದ 2021ರವರೆಗಿನದು ವಿಚಿತ್ರ ಕಾಲ. ಮಾರುಕಟ್ಟೆಯಲ್ಲಿ ಕೋರ್‌ಗಳ ಸಂಖ್ಯೆ ಏರುತ್ತಲೇ ಹೋಯಿತು, ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾತ್ರ ಒಂದೊಂದು ಕೋರಿನ ವೇಗವೇ ನಿರ್ಣಾಯಕ. 2018ರಲ್ಲಿ ಬಂದ ಎಎಂಡಿಯ ಥ್ರೆಡ್‌ರಿಪ್ಪರ್ 2990ಡಬ್ಲ್ಯುಎಕ್ಸ್‌ನಲ್ಲಿ 32 ಕೋರ್‌ಗಳಿದ್ದವು. ಅದರೊಳಗಿನ ನಾಲ್ಕು ಚಿಪ್‌ಗಳಲ್ಲಿ ಎರಡಕ್ಕೆ ಮೆಮೊರಿಯ ನೇರ ಸಂಪರ್ಕವೇ ಇರಲಿಲ್ಲ. ಇಂಥ ಕೆಲಸಕ್ಕೆ ಅದು ದುಡ್ಡು ದಂಡ. ಕೆಲಸದ ಅರ್ಧಭಾಗ ಸರದಿಯಲ್ಲೇ ನಡೆಯಬೇಕಿದ್ದರೆ ಎಷ್ಟೇ ಕೋರ್ ಸೇರಿಸಿದರೂ ವೇಗ ದುಪ್ಪಟ್ಟಿನ ಆಚೆ ಹೋಗದು ಎಂಬ ಲೆಕ್ಕ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್‌ಡಾಲ್ 1967ರಲ್ಲಿ ಮಂಡಿಸಿದ ವಾದದ್ದೇ.

2021ರ ಅಕ್ಟೋಬರಿನಲ್ಲಿ ಮಲ್ಟಿ-ಫ್ರೇಮ್ ರೆಂಡರಿಂಗ್ ಹೊಸ ರೂಪದಲ್ಲಿ ಬಂತು. ಈಗ ಕೋರ್‌ಗಳಿಗೆ ನಿಜಕ್ಕೂ ಬೆಲೆಯಿದೆ. ಆದರೆ ಇದಕ್ಕೆ ಒಗ್ಗದ ಹಳೆಯ ಪ್ಲಗಿನ್ ಒಂದೇ ಒಂದು ಲೇಯರಿನಲ್ಲಿದ್ದರೂ ಲಾಭ ಕರಗುತ್ತದೆ. ಅದನ್ನು ಹಿಡಿಯಲು ಟೈಮ್‌ಲೈನಿನ ಕೆಳಗೆ ಬಸವನಹುಳುವಿನ ಚಿತ್ರದ ಪುಟ್ಟ ಗುಂಡಿಯಿದೆ. ಒತ್ತಿದರೆ ಪ್ರತಿ ಲೇಯರ್, ಪ್ರತಿ ಎಫೆಕ್ಟ್ ಎಷ್ಟು ಹೊತ್ತು ತಿಂದಿತೆಂಬುದು ಸಾಲಾಗಿ ಕಾಣುತ್ತದೆ. ದೋಷ ಹುಡುಕುವ ವಿಧಾನದಲ್ಲಿ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಅಲ್ಲಿಯವರೆಗೆ ಲೇಯರುಗಳ ಕಣ್ಣು ಒಂದೊಂದಾಗಿ ಮುಚ್ಚಿ ಊಹಿಸಬೇಕಿತ್ತು.

ಗ್ರಾಫಿಕ್ಸ್ ಕಾರ್ಡಿನ ಕತೆ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಡಾವಿಂಚಿ ರಿಸಾಲ್ವ್ ಕಾರ್ಡನ್ನೇ ಹೆಚ್ಚು ನೆಚ್ಚುತ್ತದೆ. ಬ್ಲೆಂಡರ್‌ನ ಕಂಪೋಸಿಟರ್‌ನಲ್ಲಿ ಅಂತಿಮ ರೆಂಡರಿಗೂ ಕಾರ್ಡ್ ಬಳಸುವ ಸೌಲಭ್ಯ ಬಂದದ್ದು 2024ರ 4.2 ಆವೃತ್ತಿಯಲ್ಲಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕೆಲವು ಎಫೆಕ್ಟ್‌ಗಳಷ್ಟೇ ಕಾರ್ಡಿಗೆ ಹೋಗುತ್ತವೆ. ಹಾಗಾಗಿ ಒಬ್ಬರಿಗೆ ವರವಾದ ಕಾರ್ಡ್ ಇನ್ನೊಬ್ಬರಿಗೆ ಅಲಂಕಾರ.

ಇತ್ತೀಚಿನ ವರ್ಷಗಳ ತೊಡಕು ಇನ್ನೂ ಸೂಕ್ಷ್ಮ, ಅದಿರುವುದು ಕ್ಯಾಮೆರಾದ ಫೈಲಿನಲ್ಲಿ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಎಚ್.265ರಲ್ಲಿ 10 ಬಿಟ್, 4:2:2 ಮಾದರಿಯ ವಿಡಿಯೊ ಕೊಡುತ್ತವೆ. ಅದನ್ನು ಬಿಡಿಸುವ ಸರ್ಕ್ಯೂಟ್ 11ನೇ ಪೀಳಿಗೆಯಿಂದೀಚಿನ ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿದೆ. ಎನ್ವಿಡಿಯಾದ ಜಿಫೋರ್ಸ್ ಕಾರ್ಡ್‌ಗಳಿಗೆ ಅದು ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಹಳೆಯ ಇಂಟೆಲ್ ಯಂತ್ರ ಬಿಟ್ಟು, ಒಳಗ್ರಾಫಿಕ್ಸ್ ಇಲ್ಲದ ‘ಎಫ್’ ಮಾದರಿಯನ್ನೋ ರೈಜನ್ ಪ್ರೊಸೆಸರನ್ನೋ ತಂದು ಆರ್‌ಟಿಎಕ್ಸ್ 40 ಸರಣಿಯ ಕಾರ್ಡ್ ಹಾಕಿಕೊಂಡವರ ಟೈಮ್‌ಲೈನ್ ತಡವರಿಸುವುದು ಇದೇ ಕಾರಣಕ್ಕೆ. ಪರೀಕ್ಷೆ ಸುಲಭ. ಕ್ಲಿಪ್ ಓಡಿಸುತ್ತ ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದಲ್ಲಿ ವಿಡಿಯೊ ಡಿಕೋಡ್ ಗೆರೆ ನೋಡಿ. ಅದು ಅಲುಗದೆ ಸಿಪಿಯು ಮಾತ್ರ ಏದುಸಿರು ಬಿಡುತ್ತಿದ್ದರೆ ಕ್ಲಿಪ್ಪನ್ನು ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಬದಲಿಸಿ ಕೆಲಸ ಮಾಡಿ. ಫೈಲ್ ಹಲವು ಪಟ್ಟು ದೊಡ್ಡದಾಗುತ್ತದೆ, ಕೆಲಸ ಹಗುರಾಗುತ್ತದೆ.

ಉಳಿದವು ಹತ್ತು ನಿಮಿಷದ ತಪಾಸಣೆಗಳು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಆಗದಿದ್ದರೆ ರ‍್ಯಾಮ್ ತನ್ನ ಪೆಟ್ಟಿಗೆಯ ಮೇಲೆ ಬರೆದ ವೇಗದಲ್ಲಿ ಓಡುವುದಿಲ್ಲ. ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ತುಂಬಿದರೆ ಸಾಮಾನ್ಯವಾಗಿ ವೇಗ ಇಳಿಯುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಕ್ಯಾಶ್ ಹಳೆಯ ಹಾರ್ಡ್ ಡಿಸ್ಕಿಗೆ ಹೋಗಿರಬಹುದು, ಅದನ್ನು ಎನ್‌ವಿಎಂಇಗೆ ಸರಿಸಿ. ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ರೆಂಡರಿಂಗ್ ‘ಸಾಫ್ಟ್‌ವೇರ್ ಓನ್ಲಿ’ಗೆ ಜಾರಿದೆಯೇ ನೋಡಿ. ಎನ್ವಿಡಿಯಾ ಬಳಸುವವರಿಗೆ ಗೇಮಿಂಗ್ ಡ್ರೈವರಿಗಿಂತ ಸ್ಟುಡಿಯೊ ಡ್ರೈವರ್ ಲೇಸು.

ಯಂತ್ರ ಬದಲಿಸಲು ಹೊರಟವರಲ್ಲಿ ಒಂದು ವಿನಂತಿ. ಹಳೆಯದನ್ನು ಬಿಚ್ಚುವ ಮೊದಲು, ನೀವು ದಿನವೂ ಮಾಡುವಂಥ ಒಂದು ಪ್ರಾಜೆಕ್ಟನ್ನು ಕ್ಯಾಶ್ ಖಾಲಿಮಾಡಿ ರೆಂಡರಿಗೆ ಹಾಕಿ, ಹಿಡಿದ ಸಮಯವನ್ನು ತಂತ್ರಾಂಶದ ಆವೃತ್ತಿಯ ಸಮೇತ ಬರೆದಿಟ್ಟುಕೊಳ್ಳಿ. ಹೊಸ ಯಂತ್ರದಲ್ಲೂ ಮೊದಲು ಅದೇ ಆವೃತ್ತಿಯಲ್ಲಿ ಅದೇ ಪ್ರಾಜೆಕ್ಟ್ ಓಡಿಸಿ. ಆ ಎರಡು ಅಂಕಿಗಳು ಕೈಯಲ್ಲಿಲ್ಲದಿದ್ದರೆ ಅಂಗಡಿಯವರೊಂದಿಗೆ ವಾದಕ್ಕೆ ಇಳಿಯಬೇಡಿ.